ಗೆರೆಯ ದಪ್ಪ

ನಾಪೋಕ್ಲು ಪೇಟೆಯಲ್ಲಿ ನನಗೆ ಈಗಲೂ
ಕಡಲಳೆದವನೆಂದೇ ಹೆಸರು.
ಮೀನಂಗಡಿಯ ಹಂಝ ಬಂಗುಡೆ ತೂಗುತ್ತ ಕೇಳುತ್ತಾನೆ:
"ಅಲ್ಲ ಸಾರ್, ಕಡಲಿಗೆ ಬೇಲಿ ಹಾಕಿದವರು ಯಾರು?"
ಚಿಲ್ಲರೆ ಎಣಿಸುವ ಹಾಗೆ ತಲೆ ತಗ್ಗಿಸುತ್ತೇನೆ.
ಹಾಕಿದವರಲ್ಲಿ ನಾನೂ ಒಬ್ಬ.

ಇಪ್ಪತ್ತೆರಡು ವರ್ಷ ಸರ್ವೆ ಹಡಗಿನಲ್ಲಿ
ಆಳವನ್ನು ಕಿವಿಯಿಂದ ಅಳೆದೆ.
ಸದ್ದು ಇಳಿದು, ಕೆಸರು ಮುಟ್ಟಿ, ಮರಳಿ ಬರುವ ಹೊತ್ತನ್ನು
ಅರ್ಧ ಮಾಡುವುದೇ ಉದ್ಯೋಗ.

ಆ ಬಂಡೆ ಸಿಕ್ಕಿದ್ದು ಹಾಗೆ.
ಇಳಿತದಲ್ಲಿ ಎಮ್ಮೆಯ ಬೆನ್ನಿನಷ್ಟು,
ಉಬ್ಬರದಲ್ಲಿ ಇದೆಯೋ ಇಲ್ಲವೋ.
ಉಬ್ಬರದಲ್ಲೂ ತಲೆ ಎತ್ತಿದ್ದರೆ
ಅದರ ಸುತ್ತ ಹನ್ನೆರಡು ಮೈಲಿ ಕಡಲು ಒಡೆಯನದು;
ಮನುಷ್ಯ ಅಲ್ಲಿ ಬಾಳಬಲ್ಲನಾದರೆ ಇನ್ನೂರು;
ದಡದಿಂದ ಅಷ್ಟು ದೂರದಲ್ಲಿ ಮುಳುಗಿತೋ,
ಬರೀ ಕಲ್ಲು.

ದೂರದ, ಚಳಿಯ ಊರೊಂದರ ನ್ಯಾಯಮಂಡಳಿಯಲ್ಲಿ
ಎದುರು ದೇಶದ ವಕೀಲೆ ನನ್ನ ದಿನಚರಿ ತೆರೆದು ಓದಿದಳು:
"ಹುಣ್ಣಿಮೆ. ಉಬ್ಬರ. ಒಂದು ಹಕ್ಕಿ ನಿಂತಿದೆ."
ಯಾವುದರ ಮೇಲೆ ಎಂದು ನಾನು ಬರೆದಿರಲಿಲ್ಲ.
ಆ ಹಕ್ಕಿಯ ಕಾಲು ಎಷ್ಟು ಉದ್ದ ಎಂದು
ಎರಡು ದಿನ ವಾದ ನಡೆಯಿತು.

ಕೊನೆಗೆ ಗೆರೆ ಎಳೆ ಎಂದರು. ಎಳೆದೆ.
ಪೆನ್ಸಿಲು ಚೂಪಾಗಿತ್ತು, ಕೈ ಅಲುಗಲಿಲ್ಲ.
ಕಾಗದದ ಮೇಲೆ ಒಂದು ಕೂದಲು.
ನೀರಿನ ಮೇಲೆ ಅದೇ ಕೂದಲು
ಅರವತ್ತು ಮೀಟರು ಅಗಲ.

ಮೂರು ತಿಂಗಳಿಗೆ
ಆ ಅರವತ್ತು ಮೀಟರಿನೊಳಗೆ ಒಂದು ದೋಣಿ ಸಿಕ್ಕಿತು.
ಬಲೆ ಇಳಿಸಿ, ರೇಡಿಯೋ ಹಚ್ಚಿ,
ಚಹಾ ಕುದಿಸುತ್ತಿದ್ದ ಐದು ಜನ.
ನಮ್ಮ ನೀರಿಗೆ ಬಂದಿರೆಂದು ಆಚೆಯವರು ಹಿಡಿದರು.
ವಿಚಾರಣೆಗೆ ನನ್ನ ನಕ್ಷೆಯನ್ನೇ ಹರಡಿದರಂತೆ.
ಈಚೆಯಲ್ಲ, ಆಚೆಯಲ್ಲ,
ದೋಣಿ ಇದ್ದದ್ದು ಸೀಸದ ಕಪ್ಪಿನೊಳಗೆ.
ಕಾನೂನಿನಲ್ಲಿ ಗೆರೆಗೆ ಉದ್ದವಿದೆ,
ದಪ್ಪವಿಲ್ಲ.
ಅವರಲ್ಲಿ ಒಬ್ಬನಿಗೆ ಹದಿನೇಳು.
ಹೆಸರು ಗೊತ್ತು. ಬರೆಯಲಾರೆ.

ಹೋದ ವಾರ ಚೋಂದಮ್ಮ ಬಂದರು.
ಕಳೆದ ಕಕ್ಕಡದಲ್ಲಿ ಕಾವೇರಿ ದಾರಿ ಬದಲಿಸಿ
ಅವರ ಗದ್ದೆಯ ಮೂಲೆ ಮುರಿದು
ಆಚೆ ದಡದ ಪಳಂಗಪ್ಪನಿಗೆ ಕೊಟ್ಟುಬಿಟ್ಟಿತ್ತು:
ಒಂದು ಮರಳದಿಬ್ಬ, ಅದರ ತುದಿಗೊಂದು ಬಂಡೆ,
ಬಂಡೆಯ ಬುಡದಲ್ಲಿ ಮೀನಿನ ಮಡು.
"ದೇಶಕ್ಕೇ ಗೆರೆ ಹಾಕಿದವ ನೀನು. ಇದೇನು ಮಹಾ?"
ಹೊಳೆ ಬದಿಯಲ್ಲಿ ತಾಲ್ಲೂಕಿನ ಸರ್ವೆಯ ಹುಡುಗ ಕಾಯುತ್ತಿದ್ದ.
ಪಳಂಗಪ್ಪ ಕೋವಿ ತಂದಿರಲಿಲ್ಲ.
ಅದನ್ನು ಅವನೇ ಎರಡು ಸಲ ಹೇಳಿದ.

ಪ್ಯಾಂಟು ಮಡಚಿ ಇಳಿದೆ.
ಹಳೆಯ ಸೀಸದ ಗುಂಡಿನ ದಾರ ಬಿಟ್ಟೆ.
ನಾಲ್ಕಡಿ. ಆರು. ಮತ್ತೆ ಮೂರು.
ಹರಿವಿನ ಅತಿ ಆಳದ ಸಾಲೇ ಗಡಿ ಎಂದು ನನಗೆ ಕಲಿಸಿದ್ದರು.
ಆದರೆ ಆಳ ನಡೆಯುತ್ತಿತ್ತು.
ಅಂಗಾಲ ಕೆಳಗಿನ ಮರಳು ಜಾರಿದಂತೆಲ್ಲ
ಗಡಿ ಒಂದು ಬೆರಳು ಪೂರ್ವಕ್ಕೆ.

ಆಗಲೇ ಮೇಲಿನ ತಿರುವಿನಲ್ಲಿ ಆನೆ ಇಳಿದದ್ದು.
ಮೈಯೆಲ್ಲ ನೀರೊಳಗೆ, ಸೊಂಡಿಲು ಮಾತ್ರ ಹೊರಗೆ.
ಜಲಾಂತರ್ಗಾಮಿಗೂ ಇದೇ ನಿಯಮ:
ಪರರ ನೀರಿನಲ್ಲಿ ಮೇಲೆದ್ದು, ಬಾವುಟ ತೋರಿಸಿ,
ನಿಲ್ಲದೆ, ಕೇಡು ಮಾಡದೆ ದಾಟಿಹೋಗು.
ಆನೆ ದಾಟಿತು.
ದಡ ಹತ್ತಿ ಚೋಂದಮ್ಮನವರ ಬಾಳೆಯೊಂದನ್ನು ಕಿತ್ತು
ನಿಯಮ ಮುರಿಯಿತು.
ನಾವು ನಾಲ್ವರೂ ಉಸಿರೆತ್ತಲಿಲ್ಲ.

ಹುಡುಗ ನಕ್ಷೆಯ ಹಲಗೆ ಚಾಚಿದ.
ಪೆನ್ಸಿಲು ಮೊಂಡಾಗಿತ್ತು, ಜೊತೆಗೆ ಬ್ಲೇಡು ಕೊಟ್ಟ.
ಕೆತ್ತಲಿಲ್ಲ.
ಅಡ್ಡ ಮಲಗಿಸಿ ಉಜ್ಜಿದೆ,
ದಿಬ್ಬ, ಬಂಡೆ, ಮಡು ಎಲ್ಲ ಕಪ್ಪಿನೊಳಗೆ ಬರುವಷ್ಟು.
"ಈಗ ಇದು ಯಾರದ್ದು?" ಎಂದ ಪಳಂಗಪ್ಪ.
"ಗೆರೆಯದ್ದು."
ಚೋಂದಮ್ಮ ನಗಲಿಲ್ಲ.
ತಹಶೀಲ್ದಾರರು ಒಪ್ಪುವುದಿಲ್ಲ ಸಾರ್, ಎಂದ ಹುಡುಗ.
ಒಪ್ಪಲಾರರು, ಗೊತ್ತು.
ನಾನು ನೋಡುತ್ತಿದ್ದದ್ದು ಬೇರೆ:
ಅದರೊಳಗೆ ಒಂದು ದೋಣಿ ನಿಲ್ಲಿಸಿ
ಐದು ಜನ ಚಹಾ ಕುದಿಸುವಷ್ಟು
ಅಗಲವಿದೆಯೇ ಎಂದು.